ಬುರ್ಗಾಳ ಮೂಗು, ಮೇಷ್ಟ್ರ ಉಸಿರು

ಚರ್ಚಿನ ಪುಸ್ತಕದಲ್ಲಿ ವಾಲ್‌ಬುರ್ಗಾ ಮೌಖರ್ ಎಂದು ಬರೆದಿದ್ದಾರೆ, ನಿಜ. ಆದರೆ ರೀಡ್‌ವೈಲರಿನಲ್ಲಿ ಆ ಹೆಸರು ಹಿಡಿದು ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಮೂಗಿನ ಬುರ್ಗಾ ಎನ್ನಬೇಕು. ಆಗ ಬೀದಿ ಬದಿಯ ನಾಯಿಯೂ ಬಾಲ ಆಡಿಸುತ್ತ ಮನೆಯವರೆಗೆ ಬಿಟ್ಟುಬರುತ್ತದೆ. ಹಾಗೆಂದು ಅವಳ ಮೂಗೇನೂ ಗರುಡನದ್ದಲ್ಲ. ಸಣ್ಣ, ಮೊಂಡು, ತುದಿಯಲ್ಲಿ ಸದಾ ಕೆಂಪಗಿರುವ, ಎಪ್ಪತ್ತೊಂದು ವರ್ಷದ ಸಾಧಾರಣ ಮೂಗು. ಆದರೆ ಗೋಡೆಯ ಆಚೆ ಒಂದು ಚಮಚ ತೇವವಿದ್ದರೆ ಅದಕ್ಕೆ ಈಚೆಯೇ ಗೊತ್ತಾಗುತ್ತದೆ.

ಅದನ್ನು ಅವಳಿಗೆ ಕಲಿಸಿದ್ದು ಅಪ್ಪ. ಹುಲ್ಲು ಸರಿಯಾಗಿ ಒಣಗದೆ ಬಣವೆಗೆ ಬಿದ್ದರೆ ಒಳಗೊಳಗೇ ಬೆವರುತ್ತದೆ. ಬೆವರಿ ಬಿಸಿಯಾಗುತ್ತದೆ. ಬಿಸಿಯಾಗಿ ಒಂದು ದಿನ ಹೊತ್ತಿಕೊಂಡರೆ ಹುಲ್ಲು, ಹಸು, ಮನೆ ಎಲ್ಲ ಒಟ್ಟಿಗೇ ಸ್ವರ್ಗಕ್ಕೆ. ಅದಕ್ಕೇ ಏಳು ವರ್ಷದ ಹುಡುಗಿಯನ್ನು ಬಣವೆಯ ಮುಂದೆ ನಿಲ್ಲಿಸಿ ಅಪ್ಪ ಹೇಳುತ್ತಿದ್ದ, "ಕೈ ಹಾಕು. ಇನ್ನೂ ಒಳಗೆ. ಭುಜದವರೆಗೂ ಹಾಕೇ, ಹುಲ್ಲೇನು ಕಚ್ಚಲ್ಲ."

"ಬೆಚ್ಚಗಿದೆ ಅಪ್ಪಾ."

"ಕೈ ಮೂಸಿ ನೋಡು."

"ಬೆಲ್ಲ ಕಾಸಿದ ಹಾಗೆ."

ಅಷ್ಟು ಹೇಳಿದರೆ ಸಾಕು, ಅಪ್ಪ ಮನೆಮಂದಿಯನ್ನೆಲ್ಲ ಕೂಗಿ ಕರೆದು, ಬಣವೆ ಕೆಡವಿ, ಹುಲ್ಲನ್ನೆಲ್ಲ ಅಂಗಳಕ್ಕೆ ಎಳೆಸುತ್ತಿದ್ದ. ಅಕ್ಕಪಕ್ಕದವರ, ಹುಲ್ಲು ತುಂಬಿಡುವ ಮೂರು ಹುಲ್ಲುಮನೆಗಳು ಬೇರೆ ಬೇರೆ ಬೇಸಿಗೆಯಲ್ಲಿ ಉರಿದುಹೋದವು. ಇವರದು ಹೋಗಲಿಲ್ಲ. ಆಮೇಲೆ ಊರಿನವರು ಹುಲ್ಲು ಒಟ್ಟುವ ಮೊದಲು ಆ ಹುಡುಗಿಯನ್ನು ಕರೆಸತೊಡಗಿದರು. ಪಾದ್ರಿಯನ್ನು ಆಮೇಲೆ ಕರೆಸುತ್ತಿದ್ದರು.

ಬುರ್ಗಾ ದೊಡ್ಡವಳಾಗಿ ಕ್ಸಾವರನನ್ನು ಮದುವೆಯಾದಳು. ಅವನೇ ಮನೆ ಅಳಿಯನಾಗಿ ಬಂದ. ಒಳ್ಳೆಯವನೇ. ಕುಡಿದಾಗ ಹಾಡುತ್ತಿದ್ದ, ಹಾಡಿ ಸುಸ್ತಾದಾಗ ಕುಡಿಯುತ್ತಿದ್ದ. ಮಕ್ಕಳಾಗಲಿಲ್ಲ. ಮೂವತ್ತನಾಲ್ಕು ಹಸುಗಳಿದ್ದವು, ಬೆಳಿಗ್ಗೆ ಐದಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಹಾಲು ಕರೆಯಬೇಕು. ನಲವತ್ತಮೂರು ವರ್ಷ ಬುರ್ಗಾ ಒಂದೇ ಒಂದು ದಿನವೂ ಬೇರೆ ಕಡೆ ಮಲಗಿದ್ದಿಲ್ಲ. ಕ್ಸಾವರ್ ಮಾತ್ರ ಹೆಂಡದಂಗಡಿಯ ಬೆಂಚಿನ ಮೇಲೆ ಆಗಾಗ ಮಲಗುತ್ತಿದ್ದ. ಕೊನೆಗೆ ಅವನು ಹೋದ, ಇವಳ ಮೊಣಕಾಲು ಹೋಯಿತು, ಒಂದು ಮಂಗಳವಾರ ಎರಡು ಲಾರಿಗಳಲ್ಲಿ ಹಸುಗಳೂ ಹೋದವು.

ಲಾರಿ ತಿರುವು ದಾಟಿದ ಮೇಲೆ ಬುರ್ಗಾ ಕೊಟ್ಟಿಗೆ ತೊಳೆದು, ಹಾಲು ಕರೆಯುವ ಮಣೆಯ ಮೇಲೆ ಕೂತಳು. ಎಲ್ಲೂ ಶಬ್ದವೇ ಇಲ್ಲ. ನಲ್ಲಿಯಿಂದ ಒಂದು ಹನಿ ಬಿದ್ದರೂ ಕೇಳುತ್ತಿತ್ತು. ಅವಳಿಗೆ ಹೆದರಿಕೆಯಾಯಿತು. ಗಂಡ ಸತ್ತಾಗ ಆಗದ ಹೆದರಿಕೆ. ಸತ್ತರೂ ಈ ಮನೆ ಇನ್ನೊಮ್ಮೆ ಹೀಗೆ ಬರಿದಾಗುವುದನ್ನು ನೋಡಲಾರೆ ಎಂದುಕೊಂಡಳು. ಇದನ್ನು ಯಾರಿಗೂ ಹೇಳಲಿಲ್ಲ. ರೀಡ್‌ವೈಲರಿನಲ್ಲಿ ಇಂಥದ್ದನ್ನು ಹೇಳಿಕೊಂಡರೆ ಮಾರನೆಯ ದಿನವೇ ಮೂರು ಜನ ಕೇಕು ಹಿಡಿದು ಬಂದು ಸಂಜೆವರೆಗೂ ಏಳುವುದಿಲ್ಲ.

ಪುಣ್ಯಕ್ಕೆ ಮನೆಗಾಡಿಗಳು ಬಂದವು. ನಮ್ಮ ಜನಕ್ಕೆ ಪಿಂಚಣಿ ಬಂದ ಮಾರನೆಯ ದಿನವೇ ಮನೆ ಮುಳ್ಳಾಗುತ್ತದೆ. ಹಾಸಿಗೆ, ಒಲೆ, ಕಕ್ಕಸು ಎಲ್ಲ ಇರುವ, ಚಕ್ರದ ಮೇಲಿನ ಇನ್ನೊಂದು ಮನೆ ಕೊಳ್ಳುತ್ತಾರೆ. ಬೇಸಿಗೆಯೆಲ್ಲ ಇಟಲಿ, ಪೋರ್ಚುಗಲ್ ಎಂದು ಅಲೆಯುತ್ತಾರೆ. ಅಲ್ಲಿಯೂ ಪಕ್ಕದೂರಿನವನ ಗಾಡಿಯ ಪಕ್ಕದಲ್ಲೇ ನಿಲ್ಲಿಸಿ, ಮನೆಯಿಂದ ಕೊಂಡುಹೋದ ಆಲೂಗಡ್ಡೆ ಸಲಾಡನ್ನೇ ತಿಂದು, ಅಲ್ಲಿನ ಬ್ರೆಡ್ಡು ಸರಿಯಿಲ್ಲವೆಂದು ಬೈದು ವಾಪಸಾಗುತ್ತಾರೆ. ಅಕ್ಟೋಬರ್ ಬಂದರೆ ಗಾಡಿಗೆ ಸೂರು ಬೇಕು. ಬುರ್ಗಾಳ ಹುಲ್ಲುಮನೆ ಹುಲ್ಲು ತುಂಬಿದ ಬಂಡಿಯೇ ಒಳಹೊಕ್ಕು ತಿರುಗುವಷ್ಟು ಎತ್ತರ, ಅಗಲ. ಮೊದಲ ವರ್ಷ ಎರಡು ಬಂದವು, ಆಮೇಲೆ ಏಳು, ಈಗ ಹದಿನೇಳು. ಒಂದೊಂದು ಗಾಡಿಯ ಜಾಗದ ಮೇಲೂ ಅವಳು ಕೊಟ್ಟಿಗೆಯಲ್ಲಿದ್ದ ಹಸುಗಳ ಹೆಸರಿನ ಹಳೆಯ ಹಲಗೆಗಳನ್ನು ಹೊಡೆದಿದ್ದಾಳೆ: ರೇಸಿ, ಗ್ರೇಟೆಲ್, ಫ್ಲೋರಾ, ಬ್ಲೆಸ್. ಹಲ್ಲಿನ ಡಾಕ್ಟರು ಫೋನು ಮಾಡಿ ತನ್ನ ಗಾಡಿ ಹೇಗಿದೆ ಎಂದರೆ, "ಗ್ರೇಟೆಲ್ ಚೆನ್ನಾಗಿದ್ದಾಳೆ, ನಿಮ್ಮ ಚಿಂತೆ ನೋಡ್ಕೊಳ್ಳಿ" ಎಂದು ಇಟ್ಟುಬಿಡುತ್ತಾಳೆ. ಏಪ್ರಿಲಿನಲ್ಲಿ ಅವೆಲ್ಲ ಹೊರಟುಹೋದಾಗ ಅವಳಿಗೆ ಬೇಸರವಿಲ್ಲ. ಹಸುಗಳೂ ಬೇಸಿಗೆಯಲ್ಲಿ ಗುಡ್ಡಕ್ಕೆ ಮೇಯಲು ಹೋಗುತ್ತಿದ್ದವಲ್ಲ. ಚಳಿಗೆ ತಿರುಗಿ ಬರುತ್ತವೆಂದು ಗೊತ್ತಿದ್ದರೆ ಅದು ಬರಿದಾದಂತಲ್ಲ.

ಇನ್ನು ತೇವದ ಮಾತು. ಜರ್ಮನಿಯ ಈ ದಕ್ಷಿಣ ಮೂಲೆಯ ಜೌಗು ನೆಲದಲ್ಲಿ ನವೆಂಬರಿನಲ್ಲಿ ಕೂತ ಮಂಜು ಫೆಬ್ರವರಿಯವರೆಗೂ ಏಳುವುದಿಲ್ಲ, ಕೇಕು ಹಿಡಿದು ಬಂದ ನೆಂಟರಂತೆ. ಗಾಡಿಯನ್ನು ಹಾಗೇ ಬಿಟ್ಟರೆ ವಸಂತದಲ್ಲಿ ಬಾಗಿಲು ತೆರೆದಾಗ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯುತ್ತದೆ, ದಿಂಬಿನ ಹಿಂದೆ ಕರೀ ಬೂಷ್ಟು. ಅದಕ್ಕೇ ಬುರ್ಗಾಳ ಕಟ್ಟಳೆ ಕಟ್ಟುನಿಟ್ಟು. ನೀರಿನ ತೊಟ್ಟಿ ಖಾಲಿಯಾಗಬೇಕು, ನಲ್ಲಿಗಳೆಲ್ಲ ಬಾಯಿ ಬಿಟ್ಟಿರಬೇಕು. ಮೆತ್ತೆಗಳು ಗೋಡೆಗೆ ತಾಗದಂತೆ ಒಂಟಿ ಅಂಚಿನ ಮೇಲೆ ನಿಲ್ಲಬೇಕು. ಬೀರು, ಫ್ರಿಜ್ಜು ಎಲ್ಲದರ ಬಾಗಿಲು ಅರೆ ತೆರೆದಿರಬೇಕು, ಮುಚ್ಚಿದ್ದೇ ಕೊಳೆಯುವುದು. ನಡುವೆ ನೀರೆಳೆಯುವ ಉಪ್ಪಿನ ಹರಳುಗಳ ಜರಡಿ, ಕೆಳಗೊಂದು ಡಬ್ಬಿ. ಹರಳು ಗಾಳಿಯ ತೇವ ಕುಡಿದು ಡಬ್ಬಿಗೆ ತೊಟ್ಟಿಕ್ಕುತ್ತದೆ. ವಾರಕ್ಕೊಮ್ಮೆ ಬುರ್ಗಾ ಡಬ್ಬಿಗಳಲ್ಲಿ ಬೆರಳು ಅದ್ದಿ ಅಳೆಯುತ್ತಾಳೆ. ಹೊಸ ಹರಳು ಹಾಕಿದ ಮೇಲೆ ತಿಂಗಳಿಗೆ ಎರಡು ಬೆರಳು ನೀರು ಬಂದರೆ ಗಾಡಿ ಆರೋಗ್ಯವಾಗಿದೆ ಎಂದರ್ಥ.

ಇಷ್ಟಾಗಿ ಎಲ್ಲಕ್ಕಿಂತ ದೊಡ್ಡ ಕಟ್ಟಳೆ: ಕಿಟಕಿ ಮುಟ್ಟಬೇಡಿ. ಇದೊಂದು ಮಾತು ಮಾತ್ರ ನಮ್ಮವರ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮವರಿಗೆ ದೇವರ ಮೇಲೆ ನಂಬಿಕೆ ಕಡಿಮೆಯಾಗಿರಬಹುದು, ಕಿಟಕಿ ತೆರೆಯುವುದರ ಮೇಲೆ ಕಡಿಮೆಯಾಗಿಲ್ಲ. ತಲೆನೋವೇ, ಕಿಟಕಿ ತೆರೆ. ಜಗಳವೇ, ಕಿಟಕಿ ತೆರೆ. ಯಾರಾದರೂ ಸತ್ತರೇ, ಮೊದಲು ಕಿಟಕಿ, ಆಮೇಲೆ ಡಾಕ್ಟರು.

ಈ ಧರ್ಮದ ಊರಿನ ಜಗದ್ಗುರು ಎಂದರೆ ರೋಸ್ವಿತಾ ರಿಸ್ಟ್. ಬುರ್ಗಾಳ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು, ನಿವೃತ್ತ ಮೇಷ್ಟ್ರು ಗೆಬ್‌ಹಾರ್ಡ್ ರಿಸ್ಟರ ಹೆಂಡತಿ, ಚರ್ಚಿನ ಹಾಡುಮೇಳದ ಹೆಸರಿಲ್ಲದ ಯಜಮಾನಿ. ಗಂಟೆಗೊಮ್ಮೆ, ಮನೆಯ ಎಲ್ಲ ಕಿಟಕಿಗಳನ್ನೂ ಹತ್ತು ಹತ್ತು ನಿಮಿಷ ಹಾರುಹೊಡೆದು ಬಿಡುತ್ತಾಳೆ. ಹೊರಗೆ ಹಿಮ ಬೀಳುತ್ತಿರಲಿ, ಒಳಗೆ ಗಂಡ ಸೂಪು ಕುಡಿಯುತ್ತಿರಲಿ. ಹಿಂದಿನ ಚಳಿಗಾಲದಲ್ಲಿ ಅವರ ಗಾಡಿ ಸ್ವಂತ ಅಂಗಳದಲ್ಲೇ ನಿಂತು ಬೂಷ್ಟು ಹಿಡಿದಿತ್ತು. ಈ ಅಕ್ಟೋಬರಿನಲ್ಲಿ ಅದನ್ನು ಬುರ್ಗಾಳ ಬಳಿ ತಂದು ಫ್ಲೋರಾಳ ಜಾಗದಲ್ಲಿ ನಿಲ್ಲಿಸಿದಳು. ಫ್ಲೋರಾ ಬಕೆಟ್ಟು ಒದೆಯುವ ಹಸುವಾಗಿತ್ತು.

"ನೋಡೇ ಬುರ್ಗಾ, ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ," ಎಂದಳು ರೋಸ್ವಿತಾ. "ಊರಾಚೆ ಹೊಸ ಶೆಡ್ಡು ಕಟ್ಟಿದ್ದಾರೆ. ಬಿಸಿಗಾಳಿ, ಕ್ಯಾಮೆರಾ, ಎಲ್ಲ ಇದೆ. ಮೇಳದೋರೆಲ್ಲ ಅಲ್ಲಿಗೇ ಹೋಗೋಣ ಅಂತಿದ್ದಾರೆ. ನಾನೇ ತಡೆದು ನಿಲ್ಲಿಸಿದ್ದೀನಿ."

"ತಡೆದದ್ದಕ್ಕೆ ದೊಡ್ಡ ನಮಸ್ಕಾರ. ಈಗ ಏನಾಗ್ಬೇಕು ಹೇಳು."

"ಮಾರ್ಚ್ ಕೊನೇಲಿ ಬಿಳೀ ಕರ್ಚೀಫು ತಗೊಂಡು ಬರ್ತೀನಿ. ಗಾಡಿ ಒಳಗೆಲ್ಲ ಒರೆಸಿ ನೋಡ್ತೀನಿ. ಒಂದೇ ಒಂದು ಚುಕ್ಕೆ ಬೂಷ್ಟು ಕಂಡ್ರೂ ಮೇಳದ ಹನ್ನೊಂದು ಗಾಡೀನೂ ಮುಂದಿನ ವರ್ಷ ಆ ಶೆಡ್ಡಿಗೆ."

"ನನ್ನ ಹುಲ್ಲುಮನೇಲಿ ಬೂಷ್ಟಾ? ನಿನ್ನ ಕರ್ಚೀಫು ತೊಳ್ಕೊಂಡು ಬಾರೇ ಮೊದಲು," ಎಂದಳು ಬುರ್ಗಾ.

ಬಾಯಲ್ಲಿ ಹಾಗೆಂದರೂ ಒಳಗೊಳಗೇ ಲೆಕ್ಕ ಹಾಕಿದಳು. ಹದಿನೇಳರಲ್ಲಿ ಹನ್ನೊಂದು ಹೋದರೆ ಉಳಿದ ಆರೂ ನಿಲ್ಲುವುದಿಲ್ಲ. ಕುರಿ ಮಂದೆಯಾದರೂ ಒಮ್ಮೊಮ್ಮೆ ಯೋಚನೆ ಮಾಡೀತು, ರೀಡ್‌ವೈಲರಿನವರು ಮಾಡುವುದಿಲ್ಲ. ಆಮೇಲೆ ಮತ್ತೆ ಆ ಮಣೆ, ಆ ನಲ್ಲಿಯ ಹನಿ.

ನವೆಂಬರ್ ಸುಸೂತ್ರವಾಗಿ ಕಳೆಯಿತು. ಡಿಸೆಂಬರಿನ ಎರಡನೆಯ ವಾರ ಬುರ್ಗಾ ರಿಸ್ಟರ ಗಾಡಿಯ ಡಬ್ಬಿಯಲ್ಲಿ ಬೆರಳು ಅದ್ದಿದರೆ ಕೈಯೇ ಮುಳುಗಿತು. ಒಂದು ವಾರಕ್ಕೆ ಡಬ್ಬಿ ತುಂಬಿ ಅಂಚಿಗೆ ಬಂದಿದೆ! ಪಕ್ಕದ ಗ್ರೇಟೆಲ್, ಆಚೆಯ ರೇಸಿ ಎರಡರಲ್ಲೂ ಅರ್ಧ ಬೆರಳು. ಕಿಟಕಿಯ ಒಳಗಡೆ ನೀರಿನ ಮಣಿಗಳು. ಮೂಗು ಎತ್ತಿ ಮೂಸಿದಳು. ಉಣ್ಣೆ, ಚರ್ಮ, ಮತ್ತೇನೋ ಹುಳಿ ಸಿಹಿ.

"ಥೂ, ಇದರ ವಂಶ ಹಾಳಾಗ!" ಎಂದು ಬೈದು ಸೊಂಟಕ್ಕೆ ಸೆರಗಿನಂತೆ ಚೀಲ ಬಿಗಿದು ಏಣಿ ಹಾಕಿದಳು. ಎಪ್ಪತ್ತೊಂದರ ವಯಸ್ಸು, ಮೊಣಕಾಲಿನಲ್ಲಿ ಲೋಹದ ಕೀಲು, ಆದರೂ ಗಾಡಿಯ ಚಾವಣಿಯ ಮೇಲೆ ಬೋರಲು ಮಲಗಿ ಒಂದೊಂದು ಸಂದಿಗೂ ಬೆರಳಾಡಿಸಿದಳು. ಬಿರುಕಿಲ್ಲ. ನೀರಿನ ತೊಟ್ಟಿ ಬಗ್ಗಿ ನೋಡಿದಳು, ಒಣಗಿ ಬಣಬಣ. ಮೂಲೆಯಲ್ಲಿ ಬೆಕ್ಕು ಉಚ್ಚೆ ಹೊಯ್ದಿದೆಯೇ ಎಂದು ನಾಲ್ಕು ಕಾಲಲ್ಲಿ ಹರಿದಾಡಿ ಮೂಸಿದಳು. ಇಲ್ಲ. ಹರಳು ಬದಲಾಯಿಸಿದಳು, ಡಬ್ಬಿ ಚೆಲ್ಲಿದಳು. ಮುಂದಿನ ವಾರ ಮತ್ತೆ ತುಂಬಿತ್ತು. ಅದರ ಮುಂದಿನ ವಾರವೂ. ಕ್ರಿಸ್‌ಮಸ್ಸಿನ ಹಬ್ಬದೂಟ ಅವಳ ಬಾಯಿಗೆ ರುಚಿಸಲಿಲ್ಲ.

ಜನವರಿ ಆರು ದಾಟಿದ ಮೇಲೆ ಒಂದು ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹಾಸಿಗೆಯ ತಲೆಭಾಗದ ಹಿಂದೆ ಉಗುರಿನಗಲದ ಮೂರು ಕರೀ ಚುಕ್ಕೆಗಳು ಕಂಡವು. ಬುರ್ಗಾಗೆ ಕಣ್ಣು ಕತ್ತಲೆ ಬಂದಂತಾಯಿತು. ಆಸರೆಗೆಂದು ಅಂಚಿನ ಮೇಲೆ ನಿಲ್ಲಿಸಿದ್ದ ಮೆತ್ತೆ ಹಿಡಿದಳು. ಹಿಂದಿನ ವಾರದವರೆಗೂ ನಿಂತೇ ಇದ್ದದ್ದು ಈಗ ಮಲಗಿತ್ತು. ಮೇಲೊಂದು ಕಂಬಳಿ. ಬಣವೆಗೆ ಕೈ ಹಾಕುವ ಅಭ್ಯಾಸ ಅರವತ್ತು ವರ್ಷವಾದರೂ ಹೋಗುತ್ತದೆಯೇ? ಕಂಬಳಿಯೊಳಗೆ ಭುಜದವರೆಗೆ ಕೈ ತೂರಿಸಿದಳು.

ಬೆಚ್ಚಗಿತ್ತು.

ಕೈ ಹೊರಗೆಳೆದು ಮೂಸಿದಳು. ಕಿತ್ತಳೆ ಸಿಪ್ಪೆ.

ನಮ್ಮೂರಿನಲ್ಲಿ ಮಧ್ಯಾಹ್ನ ಒಂದರಿಂದ ಮೂರು ಸದ್ದು ನಿಷಿದ್ಧ. ಸುತ್ತಿಗೆ ಹೊಡೆಯುವಂತಿಲ್ಲ, ಯಂತ್ರ ತಿರುಗಿಸುವಂತಿಲ್ಲ, ಮಗು ಅತ್ತರೂ ಮೆತ್ತಗೆ ಅಳಬೇಕು. ಆ ಹೊತ್ತಿಗೆ ಬುರ್ಗಾ ಗೊರಕೆ ಹೊಡೆಯುವುದು ಊರಿಗೆಲ್ಲ ಗೊತ್ತು. ಮಾರನೆಯ ದಿನ ಅವಳು ಗೊರಕೆ ಹೊಡೆಯಲಿಲ್ಲ. ಹಾಲು ಕರೆಯುವ ಮಣೆ ತಂದು ಗ್ರೇಟೆಲ್ ಗಾಡಿಯ ಹಿಂದೆ ಹಾಕಿಕೊಂಡು, ಮಡಿಲಲ್ಲಿ ಸಗಣಿ ಬಾಚುವ ಗುದ್ದಲಿ ಇಟ್ಟುಕೊಂಡು ಕೂತಳು. ಒಂದೂ ಹತ್ತಕ್ಕೆ ಹಿಂಬಾಗಿಲು ಕಿರ್ರೆಂದಿತು. ಒದ್ದೆ ಕೋಟಿನ ಎತ್ತರದ ಆಸಾಮಿಯೊಬ್ಬ ಕಳ್ಳಬೆಕ್ಕಿನಂತೆ ಹೆಜ್ಜೆ ಇಡುತ್ತ ಬಂದು, ಜೇಬಿನಿಂದ ಬೀಗದ ಕೈ ತೆಗೆದು, ರಿಸ್ಟರ ಗಾಡಿಯೊಳಗೆ ಹೊಕ್ಕ. ಸ್ವಲ್ಪ ಹೊತ್ತಿಗೆ ಒಳಗಿನಿಂದ ತಗ್ಗಿದ ದನಿಯಲ್ಲಿ ಭಜನೆ.

ಬುರ್ಗಾ ಬಾಗಿಲು ಎಳೆದಳು. ಗೆಬ್‌ಹಾರ್ಡ್ ಮೇಷ್ಟ್ರು ಟೋಪಿ ಹಾಕಿಕೊಂಡು, ಕಂಬಳಿ ಹೊದ್ದು, ಹೊಟ್ಟೆಯ ಮೇಲೊಂದು ಕಾಲಡಿಗೊಂದು ಬಿಸಿನೀರಿನ ಚೀಲ ಇಟ್ಟುಕೊಂಡು, ಕಿತ್ತಳೆ ಸುಲಿಯುತ್ತ ಮಲಗಿದ್ದರು. ಒದ್ದೆ ಉಣ್ಣೆಯ ಕೋಟು ಬೀರುವಿನ ಬಾಗಿಲಿಗೆ ನೇತಾಡುತ್ತಿತ್ತು. ಫ್ಲಾಸ್ಕಿನಿಂದ ಚಹಾದ ಹಬೆ ಏಳುತ್ತಿತ್ತು.

"ಮೇಷ್ಟ್ರೇ! ಇಲ್ಲೇನು ಮಾಡ್ತಿದ್ದೀರಿ?"

ಮೇಷ್ಟ್ರ ಕೈಯಿಂದ ಕಿತ್ತಳೆ ಉರುಳಿತು. "ಏನೂ ಇಲ್ಲ ಬುರ್ಗಾ ಅವರೇ... ಸುಮ್ನೆ ಉಸಿರಾಡ್ತಿದ್ದೆ."

"ಅದೇ ಆಗಿರೋದು ಅನಾಹುತ! ನಿಮ್ಮ ಉಸಿರನ್ನ ನಾನು ಒಂದು ತಿಂಗಳಿಂದ ಡಬ್ಬಿಗಟ್ಲೆ ಚೆಲ್ತಾ ಇದ್ದೀನಲ್ರೀ! ಸೂರು ಸೋರ್ತಿದೆ ಅಂತ ಮೇಲೆ ಹತ್ತಿದೆ, ಬೆಕ್ಕಿನ ಉಚ್ಚೆ ಅಂತ ನೆಲ ಮೂಸಿದೆ!"

"ಅಯ್ಯೋ, ಹಾಗೆಲ್ಲ ತೇವ ಆಗೋಕೆ ಸಾಧ್ಯವೇ ಇಲ್ಲ," ಎಂದರು ಮೇಷ್ಟ್ರು, ಪಾಠ ಹೇಳುವ ದನಿಯಲ್ಲಿ. "ದಿನಾ ಹೋಗೋ ಮುಂಚೆ ಹತ್ತು ನಿಮಿಷ ಎಲ್ಲಾ ಕಿಟಕಿ ತೆಗೆದಿಡ್ತೀನಿ."

"ಈ ಮಂಜಿನಲ್ಲಾ?"

"ಮತ್ತೆ? ಗಾಳಿ ಆಡ್ಬೇಡ್ವೇ?"

ಬುರ್ಗಾ ಗುದ್ದಲಿಯನ್ನು ದೂರ ಇಟ್ಟಳು. ಹತ್ತಿರವಿದ್ದರೆ ಏನಾಗುತ್ತಿತ್ತೋ ಅವಳಿಗೇ ಭರವಸೆಯಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. "ನಲವತ್ತು ವರ್ಷ ಮಕ್ಕಳಿಗೆ ಅದೇನು ಕಲಿಸಿದ್ರೋ ದೇವರೇ ಬಲ್ಲ," ಎಂದಳು. "ಮಂಜಿನ ಗಾಳಿ ಹೊಟ್ಟೆ ತುಂಬಾ ಕುಡ್ಕೊಂಡು ಬಂದಿರುತ್ತೆ, ನಮ್ಮ ಕ್ಸಾವರನ ಥರ. ಅದನ್ನ ಒಳಗೆ ಬಿಟ್ರೆ ಇಲ್ಲೇ ಕಕ್ಕುತ್ತೆ. ಮೂಗಿನ ಕೂದಲು ಗಡ್ಡೆ ಕಟ್ಟೋ ಚಳಿ ಬರುತ್ತಲ್ಲ, ಆ ಗಾಳಿಗೆ ಬಾಯಾರಿರುತ್ತೆ. ಅದನ್ನ ಬಿಡ್ಬೇಕು ಒಳಗೆ. ಅದಿರಲಿ, ಮನೆ ಇಲ್ವಾ ನಿಮಗೆ?"

ಮೇಷ್ಟ್ರು ಬಿಸಿನೀರಿನ ಚೀಲ ಒತ್ತುತ್ತ ಎದ್ದು ಕೂತರು. "ಗಂಟೆಗೊಂದ್ಸಲ ಕಿಟಕಿ ತೆಗೀತಾಳೆ. ಹೋದ ವರ್ಷದಿಂದ ಅರ್ಧ ಗಂಟೆಗೊಂದ್ಸಲ. ನಾನು ಯಾವ ಕೋಣೇಲಿ ಕೂತ್ಕೊಂಡ್ರೂ ಆ ಕೋಣೇದೇ ಮೊದಲು. ಪೇಪರು ಹಾರುತ್ತೆ. ಸೂಪಿನ ಮೇಲೆ ಕೆನೆ ಕಟ್ಟುತ್ತೆ. ಏನಾದ್ರೂ ಅಂದ್ರೆ, ಬೂಷ್ಟು ಹಿಡಿಬೇಕಾ ಅಂತಾಳೆ. ಇಲ್ಲಿ ಬೆಚ್ಚಗಿರುತ್ತೆ, ಬುರ್ಗಾ ಅವರೇ. ಯಾರಿಗೂ ಅಡ್ಡ ಆಗಲ್ಲ."

"ಅಂದ್ರೆ ಹೋದ ವರ್ಷ ನಿಮ್ಮಂಗಳದಲ್ಲಿ ಗಾಡಿ ಬೂಷ್ಟು ಹಿಡಿದದ್ದು?"

ಮೇಷ್ಟ್ರು ತಲೆ ತಗ್ಗಿಸಿದರು.

"ಮಹಾಶಯರೇ!" ಎಂದಳು ಬುರ್ಗಾ. ಓಡಿಹೋಗಿ ರೋಸ್ವಿತಾಗೆ ಹೇಳಿಬಿಟ್ಟರೆ ತನ್ನ ಮರ್ಯಾದೆ ಉಳಿಯುತ್ತದೆ, ಹನ್ನೊಂದು ಗಾಡಿಯೂ ಉಳಿಯುತ್ತವೆ. ಕಾಲೂ ಎತ್ತಿದ್ದಳು. ಆದರೆ ಎಪ್ಪತ್ತಾರು ವರ್ಷದ ಮನುಷ್ಯ ಟೋಪಿ ಕೈಲಿ ಹಿಡಿದು, "ಅವಳಿಗೆ ಹೇಳ್ಬೇಡಿ. ಇದೊಂದೇ ನನಗಿರೋ ಜಾಗ" ಎಂದುಬಿಟ್ಟರು. ಬುರ್ಗಾಗೆ ತನ್ನ ಮೇಲೇ ಸಿಟ್ಟು ಬಂತು. ಹಾಳು ಕರುಳು, ಬೇಡದ ಹೊತ್ತಿನಲ್ಲೇ ಚುರುಕ್ಕೆನ್ನುತ್ತದೆ.

"ಏಳಿ ಮೇಲೆ," ಎಂದಳು. "ಉಸಿರಾಡ್ಲೇಬೇಕು ಅಂದ್ರೆ ಹಾಲಿನ ಕೋಣೇಲಿ ಬಂದು ಆಡಿ. ಅಲ್ಲಿ ಸೌದೆ ಒಲೆ ಇದೆ. ಗಾಡಿ ಒಳಗೆ ಇನ್ನೊಂದ್ಸಲ ಕಾಲಿಟ್ರೆ ಗುದ್ದಲಿ ಬೆನ್ನಿಗೇ."

ಹೀಗೆ ಗೆಬ್‌ಹಾರ್ಡ್ ಮೇಷ್ಟ್ರು ಹಾಲಿನ ಕೋಣೆಗೆ ಬಂದರು. ಹಿಂದೆ ಹಾಲಿನ ಕ್ಯಾನು ತೊಳೆದಿಡುತ್ತಿದ್ದ ಚಿಕ್ಕ ಕೋಣೆ, ಬಿಳಿ ಟೈಲ್ಸಿನ ಗೋಡೆ, ಒಂದು ಕಿಟಕಿ. ಮಧ್ಯಾಹ್ನ ಒಂದೂ ಹತ್ತಕ್ಕೆ ಬಂದು ಒಲೆಯ ಪಕ್ಕ ಕೂತು ಪದಬಂಧ ಬಿಡಿಸುತ್ತಿದ್ದರು. ಬುರ್ಗಾ ನಿದ್ದೆ ಬಿಟ್ಟು ಎದುರು ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. "ನದಿ, ಐದು ಅಕ್ಷರ," ಎಂದು ಮೇಷ್ಟ್ರು ಕೇಳಿದರೆ, "ನಂಗೊತ್ತಿರೋದು ನಮ್ಮೂರ ಹಳ್ಳ ಒಂದೇ, ಅದಕ್ಕೆ ಹೆಸರೂ ಇಲ್ಲ" ಎನ್ನುತ್ತಿದ್ದಳು. ಕಿತ್ತಳೆ ಹಣ್ಣಿನ ಅರ್ಧ ಅವಳಿಗೆ ಬರತೊಡಗಿತು. ಕಿಟಕಿಯ ಗಾಜು ಬೆವರುವುದನ್ನು ಕಂಡು ಅಲ್ಲಿಯೂ ಒಂದು ಹರಳಿನ ಡಬ್ಬಿ ಇಟ್ಟಳು. ಇಬ್ಬರ ಉಸಿರಿಗೆ ವಾರಕ್ಕೆ ಎರಡು ಬೆರಳು ನೀರು ಬರುತ್ತಿತ್ತು.

ಗಾಡಿಯ ಚಿಕಿತ್ಸೆ ಬೇರೆ ನಡೆದಿತ್ತು. ಕ್ಸಾವರ್ ಬಿಟ್ಟುಹೋದ ಆಸ್ತಿಯಲ್ಲಿ ಮರಸೇಬಿನ ಸಾರಾಯಿ ಬಟ್ಟಿಯ ಮೊದಲ ಇಳಿಕೆಯ ಎರಡು ಶೀಷೆಗಳಿದ್ದವು. ಅದು ಕುಡಿಯುವುದಕ್ಕಲ್ಲ, ಕುಡಿದರೆ ಕಣ್ಣು ಹೋಗುತ್ತದೆ. ಕೀಲುನೋವಿಗೆ ತಿಕ್ಕಲು ಇಟ್ಟುಕೊಳ್ಳುವಂಥದ್ದು. ಬುರ್ಗಾ ಅದರಲ್ಲಿ ಬಟ್ಟೆ ಅದ್ದಿ ಮೂರು ಚುಕ್ಕೆಗಳನ್ನೂ ಮೂರು ದಿನ ತಿಕ್ಕಿದಳು. "ಬದುಕಿದ್ದಾಗ ಒಂದು ಕೆಲಸಕ್ಕೂ ಬರ್ಲಿಲ್ಲ, ಈಗಾದ್ರೂ ಬಂದ್ಯಲ್ಲ ಮಾರಾಯ," ಎಂದು ಗಂಡನಿಗೆ ಹೇಳಿದಳು.

ಉಳಿದದ್ದು ಗೋಡೆಯೊಳಗೆ ಇಳಿದ ತೇವ. ಅದಕ್ಕೆ ಒಳ್ಳೆಯ ಕೊರೆಯುವ ಚಳಿ ಬೇಕು. ಬುರ್ಗಾ ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು ಮೂಗು ಎತ್ತಿ ನಿಲ್ಲುತ್ತಿದ್ದಳು. ಮಂಜು, ಮಂಜು, ಮತ್ತೂ ಮಂಜು. ಫೆಬ್ರವರಿ ಒಂಬತ್ತರ ಬೆಳಿಗ್ಗೆ ಆಕಾಶ ತೊಳೆದ ತಟ್ಟೆಯಂತಿತ್ತು, ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ, ಮೂಗಿನ ಕೂದಲು ಚುರುಚುರು ಗಡ್ಡೆ ಕಟ್ಟಿತು. ಅವಳು ಖುಷಿಯಿಂದ ಕೂಗಿಯೇಬಿಟ್ಟಳು. ಮಧ್ಯಾಹ್ನ ಮೇಷ್ಟ್ರು ಬಂದು ಒಲೆಯ ಬಳಿ ಕೂರುವ ಹೊತ್ತಿಗೆ, ಬಿಸಿಲಿಗೆ ಹಂಚಿನಡಿಯ ಗಾಳಿ ತುಸು ಬೆಚ್ಚಗಾಗಿತ್ತು. ಹುಲ್ಲು ಒಣಗಿಸುತ್ತಿದ್ದ, ಬಾಗಿಲಷ್ಟು ದೊಡ್ಡ ವಿದ್ಯುತ್ ಬೀಸಣಿಗೆಯನ್ನು ಗಾಡಿಯ ಬಾಗಿಲಿಗೆ ತಿರುಗಿಸಿ, ಎಲ್ಲ ಕಿಟಕಿ ತೆರೆದು, ಸ್ವಿಚ್ಚು ಒತ್ತಿದಳು. ಎಂಟು ವರ್ಷ ಮಲಗಿದ್ದ ಬೀಸಣಿಗೆ ಗೂಳಿಯಂತೆ ಗುಟುರಿತು. ಗಂಟೆ ಒಂದೂವರೆ; ಇಡೀ ಊರು ಮಲಗಿದ ಹೊತ್ತು.

ಕಾಲು ಗಂಟೆಯಲ್ಲಿ ರೋಸ್ವಿತಾ ಅಂಗಳದಲ್ಲಿ ಪ್ರತ್ಯಕ್ಷ. ಹಾಲಿನ ಕೋಣೆಯೊಳಗೆ ಮೇಷ್ಟ್ರು ಉಸಿರು ಬಿಗಿಹಿಡಿದು ಬಾಗಿಲ ಹಿಂದೆ ಅಂಟಿದರು.

"ಮಲಗೋ ಹೊತ್ತಲ್ಲಿ ಏನೇ ಇದು ನಿನ್ನ ಗಲಾಟೆ?"

"ಗಾಳಿ ಆಡಿಸ್ತಿದ್ದೀನಿ," ಎಂದಳು ಬುರ್ಗಾ.

ರೋಸ್ವಿತಾಳ ಮುಖ ಅರಳಿತು. "ಕೊನೆಗೂ ಬುದ್ಧಿ ಬಂತಲ್ಲ ನಿಂಗೆ!" ಎಂದವಳು ಹೋಗಲು ತಿರುಗಿ, ಹಾಲಿನ ಕೋಣೆಯ ಹೊಗೆ ಕೊಳವೆಯನ್ನೊಮ್ಮೆ, ಹಬೆ ಕಟ್ಟಿದ ಕಿಟಕಿಯನ್ನೊಮ್ಮೆ ನೋಡಿದಳು. "ಒಲೆ ಹಚ್ಚಿದೀಯಾ?"

"ಮೊಣಕಾಲಿಗೆ."

"ಸೌದೆ ಸಾಕಷ್ಟಿದೆ ತಾನೇ?"

"ಇದೆ."

"ಸರಿ," ಎಂದು ಹೊರಟುಹೋದಳು. ಬೀಸಣಿಗೆ ನಾಲ್ಕರವರೆಗೆ ಗುಟುರಿತು. ಚಳಿ ಐದು ದಿನ ನಿಂತಿತು, ಐದು ದಿನವೂ ಬುರ್ಗಾ ಊರಿನ ನಿದ್ದೆ ಕೆಡಿಸಿದಳು. ಆಮೇಲಿನ ವಾರ ರಿಸ್ಟರ ಗಾಡಿಯ ಡಬ್ಬಿಯಲ್ಲಿ ನೀರೇ ಇರಲಿಲ್ಲ.

ಮಾರ್ಚ್ ಕೊನೆಯ ಶನಿವಾರ ರೋಸ್ವಿತಾ ಇಸ್ತ್ರಿ ಮಾಡಿದ ಬಿಳಿ ಕರ್ಚೀಫು ಹಿಡಿದು ಬಂದಳು. ಹಿಂದೆ ಮೇಷ್ಟ್ರು, ಪರೀಕ್ಷೆಗೆ ಬಂದ ಹುಡುಗನಂತೆ. ಅವಳು ಒರೆಸಿದಳು. ಸಿಂಕಿನ ಕೆಳಗೆ, ಫ್ರಿಜ್ಜಿನ ರಬ್ಬರಿನ ಸಂದಿಗೆ, ಕಿಟಕಿಯ ಚೌಕಟ್ಟಿಗೆ, ಕಕ್ಕಸಿನ ಹಿಂದೆ. ಹಾಸಿಗೆಯ ತಲೆಭಾಗದ ಹಿಂದೆ ಬಗ್ಗಿದಾಗ ಬುರ್ಗಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕರ್ಚೀಫು ಬಿಳಿಯಾಗಿಯೇ ಬಂತು.

"ಸಾರಾಯಿ ವಾಸನೆ ಬರ್ತಿದೆಯಲ್ಲೇ?"

"ನಮ್ಮ ಯಜಮಾನರ ಆತ್ಮ. ಆಗಾಗ ಬರ್ತಿರುತ್ತೆ."

ಕಟ್ಟಕಡೆಗೆ ರೋಸ್ವಿತಾ ಮೆತ್ತೆ ಎತ್ತಿ ಅದರಡಿಯ ಸಂದಿಯಲ್ಲಿ ಕೈಯಾಡಿಸಿದಳು. ಏನೋ ಸಿಕ್ಕಿತು. ಹೊರಗೆ ತೆಗೆದು ಅಂಗೈಯಲ್ಲಿಟ್ಟಳು. ಸುರುಳಿ ಸುತ್ತಿದ ಕಿತ್ತಳೆ ಸಿಪ್ಪೆ. ಮೇಷ್ಟ್ರ ಮುಖ ಕರ್ಚೀಫಿಗಿಂತ ಬಿಳಿಯಾಯಿತು. ಇನ್ನೇನು, ಎಲ್ಲ ಮುಗಿಯಿತು ಎಂದುಕೊಂಡಳು ಬುರ್ಗಾ.

ರೋಸ್ವಿತಾ ಸಿಪ್ಪೆಯನ್ನು ಎರಡು ಬೆರಳಲ್ಲಿ ಹಿಡಿದು ಮುರಿದಳು. ಹಪ್ಪಳದಂತೆ ಚಟ್ಟೆಂದಿತು.

"ಚೆನ್ನಾಗಿ ಒಣಗಿದೆ," ಎಂದಳು. "ಗೆಬ್‌ಹಾರ್ಡ್, ನೀನು ಹೋಗಿ ಟೈರಿನ ಗಾಳಿ ನೋಡು."

ಅವರು ಬದುಕಿದೆಯಾ ಬಡಜೀವವೇ ಎಂದು ಇಳಿದು ಓಡಿದ ಮೇಲೆ ರೋಸ್ವಿತಾ ಸಿಪ್ಪೆಯ ಚೂರುಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿದಳು. "ಮುಂದಿನ ಚಳಿಗಾಲಕ್ಕೂ ಜಾಗ ಇಟ್ಟಿರು ಕಣೇ. ಗಾಡಿಗೊಂದು, ಅವನಿಗೊಂದು."

"ನಿಂಗೆ ಗೊತ್ತಿತ್ತಾ?"

"ದಿನಾ ಮನೆಗೆ ಬಂದಾಗ ಕೋಟಲ್ಲಿ ಸೌದೆ ಹೊಗೆ ವಾಸನೆ. ಮೂಗು ನಿಂಗೊಬ್ಳಿಗೇ ಇರೋದಾ?" ರೋಸ್ವಿತಾ ಮೆಟ್ಟಿಲ ಮೇಲೆ ಕೂತು ಮಾತು ಮುಂದುವರಿಸಿದಳು.

"ನಲವತ್ತು ವರ್ಷ ಬೆಳಿಗ್ಗೆ ಏಳೂವರೆಗೆ ಸ್ಕೂಲಿಗೆ ಹೋಗ್ತಿದ್ದ ಮನುಷ್ಯ, ಈಗ ಬೆಳಗಿಂದ ರಾತ್ರಿವರೆಗೂ ಅಡಿಗೆಮನೇಲಿ ನಿಂತು ಈರುಳ್ಳಿ ಹೇಗೆ ಹೆಚ್ಬೇಕು ಅಂತ ಪಾಠ ಮಾಡ್ತಾನೆ. ಹೊರಗೆ ಹೋಗು ಅಂತ ಬಾಯಿಬಿಟ್ಟು ಹೇಳೋಕಾಗುತ್ತಾ? ಕಿಟಕಿ ತೆಗೆದೆ. ಹೋದ ವರ್ಷ ಅಂಗಳದ ಗಾಡಿಗೆ ಹೋಗಿ ಕೂತ. ಪಾತ್ರೆ ತೊಳೀತಾ ತಲೆ ಎತ್ತಿದ್ರೆ ಅವನದೇ ಟೋಪಿ. ಅದೂ ಒಂದು ಹೋಗೋದಾ? ಅದಕ್ಕೇ ಗಾಡೀನ ನಿನ್ನ ಹತ್ರ ಕಳಿಸಿದೆ."

"ಹನ್ನೊಂದು ಗಾಡಿ ಕರ್ಕೊಂಡು ಹೋಗ್ತೀನಿ ಅಂದಿದ್ದು? ನನ್ನ ಪ್ರಾಣ ಹೋಗಿತ್ತಲ್ಲೇ, ಪಾಪಿ!"

"ಅದು ನಿಜವೇ. ಚುಕ್ಕೆ ಕಂಡಿದ್ರೆ ಕರ್ಕೊಂಡೇ ಹೋಗ್ತಿದ್ದೆ," ಎಂದಳು ರೋಸ್ವಿತಾ. ಆಮೇಲೆ ದನಿ ಇಳಿಸಿ ಕೇಳಿದಳು, "ಒಲೆ ಹತ್ರ ಕೂರಿಸ್ತಿದ್ದೆ ತಾನೇ? ಅವನಿಗೆ ಎದೆ ಥಂಡಿ ಬೇಗ ಆಗುತ್ತೆ."

"ಒಲೆ ಹತ್ರಾನೇ," ಎಂದಳು ಬುರ್ಗಾ.

ಏಪ್ರಿಲ್ ಹತ್ತರೊಳಗೆ ಹದಿನೇಳೂ ಗಾಡಿಗಳು ಹೊರಟವು. ಮೇಳದವರು ಒಬ್ಬೊಬ್ಬರೂ ಅಕ್ಟೋಬರಿಗೆ ಮತ್ತೆ ಬರುತ್ತೇವೆಂದು ಹೇಳಿಯೇ ಹೋದರು. ರಿಸ್ಟರು ಪೋರ್ಚುಗಲ್ ಕಡೆ ಹೊರಟರು. ಮೇಷ್ಟ್ರು ಕಿಟಕಿಯಿಂದ ಟೋಪಿ ಬೀಸಿದರು. ಬುರ್ಗಾ ಹುಲ್ಲುಮನೆ ಗುಡಿಸಿದಳು, ಹೆಸರಿನ ಹಲಗೆಗಳ ಧೂಳು ಒರೆಸಿದಳು, ಗೆದ್ದವಳಂತೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಹೆದರಿಕೆಯೇನೂ ಆಗಲಿಲ್ಲ. ತಿರುಗಿ ಬರುತ್ತವೆ.

ಒಂದು ವಾರ ಕಳೆದ ಮೇಲೆ ಹಾಲಿನ ಕೋಣೆಯ ಡಬ್ಬಿ ತೊಳೆದಿಡೋಣವೆಂದು ಹೋದಳು. ಏಪ್ರಿಲಾದರೂ ಚಳಿ ಬಿಟ್ಟಿರಲಿಲ್ಲ. ಆ ವಾರವೆಲ್ಲ ಮಧ್ಯಾಹ್ನ ಒಂದೂ ಹತ್ತಕ್ಕೆ ಅಭ್ಯಾಸಬಲದಿಂದ ಒಲೆ ಹಚ್ಚಿ, ಆಲೂಗಡ್ಡೆ ಬುಟ್ಟಿ ಹಿಡಿದು ಅಲ್ಲೇ ಕೂತಿದ್ದಳು. ಡಬ್ಬಿಯೊಳಗೆ ಬೆರಳು ಅದ್ದಿದಳು. ಮತ್ತೊಮ್ಮೆ ಅದ್ದಿ ನೋಡಿದಳು. ಹರಳು ಸರಿಯಾಗಿಯೇ ಇತ್ತು, ಜರಡಿಯೂ ಕಟ್ಟಿಕೊಂಡಿರಲಿಲ್ಲ.

"ಹಾಳು ಮುದುಕ," ಎಂದು ಬೈದಳು. ಬೈಯುವಾಗ ಕಣ್ಣಲ್ಲಿ ನೀರು ಬಂತು. ತಾನು ಅಳುವ ಜಾತಿಯವಳಲ್ಲ ಎಂದು ಗೊತ್ತಿದ್ದರೂ ಬಂತು. ವಾರವಿಡೀ ಸೇರಿ ಡಬ್ಬಿಗೆ ಬಂದದ್ದು ಒಂದೇ ಬೆರಳು ನೀರು.